ಚೀಟಿಯ ಮೇಲಿನ ತಾರೀಖು

ತುಮಕೂರು ಜಿಲ್ಲೆಯ ಶಿರಾದಿಂದ ಓದುಗರೊಬ್ಬರು ಬರೆದಿದ್ದಾರೆ: ಸುಳ್ಳು ವೈದ್ಯಕೀಯ ಪ್ರಮಾಣಪತ್ರ ಕೊಟ್ಟ ಕಾರಣಕ್ಕೆ ಅವರ ಕಡೆಯ ವೈದ್ಯರೊಬ್ಬರ ಹೆಸರನ್ನು ನೋಂದಣಿ ಪುಸ್ತಕದಿಂದ ತೆಗೆಯಲಾಗಿತ್ತು, ಈಗ ಅದೇ ಬಾಗಿಲಿಗೆ ಅದೇ ಬೋರ್ಡು ಮತ್ತೆ ಬಂದಿದೆ. ‘ರದ್ದಾದ ನೋಂದಣಿಗೆ ಮತ್ತೆ ಜೀವ ಬರುವುದಾದರೆ ಶಿಕ್ಷೆಗೆ ಏನರ್ಥ? ಇದು ಯಾರ ವಶೀಲಿ?’ ಎಂಬುದು ಅವರ ಪ್ರಶ್ನೆ.

ಮಾನ್ಯರೆ, ವಶೀಲಿಯ ಮಾತಿಗೆ ನಿಮ್ಮ ಪತ್ರದಲ್ಲಿ ಆಧಾರ ಕಾಣಲಿಲ್ಲ. ನೀವು ‘ರದ್ದು’ ಎಂದು ಬರೆದಿದ್ದೀರಿ. ನೀವೇ ಲಗತ್ತಿಸಿರುವ ಪತ್ರಿಕೆಯ ತುಣುಕಿನಲ್ಲಿ ಇರುವುದು ‘ಮೂರು ತಿಂಗಳ ಅವಧಿಗೆ’ ಎಂದು. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಂತೆ ತಪ್ಪಿತಸ್ಥರ ಹೆಸರನ್ನು ಶಾಶ್ವತವಾಗಿಯೂ ತೆಗೆಯಬಹುದು, ಗೊತ್ತುಪಡಿಸಿದ ಅವಧಿಗೂ ತೆಗೆಯಬಹುದು; ಅವಧಿಗೆ ತೆಗೆದಾಗ, ಅದು ಮುಗಿದ ಮೇಲೆ ಹೆಸರನ್ನು ಮರಳಿ ಸೇರಿಸುವಂತೆ ವೈದ್ಯರ ನೋಂದಣಿ ನೋಡಿಕೊಳ್ಳುವ ವೈದ್ಯಕೀಯ ಪರಿಷತ್ತೇ ನಿರ್ದೇಶಿಸಬಹುದು. (2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿ ಬಂದು, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದು, ಹಳೆಯದನ್ನೇ ಮುಂದುವರಿಸಿದರು.) ತೆಗೆದ ಸುದ್ದಿಯನ್ನು ಸ್ಥಳೀಯ ಪತ್ರಿಕೆಗಳಲ್ಲಿ ವ್ಯಾಪಕವಾಗಿ ಪ್ರಕಟಿಸಬೇಕೆಂದು ಆ ನಿಯಮಾವಳಿ ಹೇಳುತ್ತದೆ. ಮರಳಿ ಸೇರಿಸಿದ್ದನ್ನೂ ಅಷ್ಟೇ ಬಹಿರಂಗವಾಗಿ ತಿಳಿಸಿದ್ದರೆ ನಿಮ್ಮಂಥವರಿಗೆ ಸಂಶಯವೇ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ದಾರಿ ಮೇಲ್ಮನವಿಯದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯಂತೆ, ರಾಜ್ಯ ಪರಿಷತ್ತಿನ ಕ್ರಮದಿಂದ ಬಾಧಿತರಾದ ವೈದ್ಯರು ಆಯೋಗದ ನೀತಿ ಮತ್ತು ನೋಂದಣಿ ಮಂಡಳಿಗೆ, ಅಲ್ಲಿ ಸೋತರೆ ಆ ತೀರ್ಮಾನ ತಿಳಿಸಿದ 60 ದಿನಗಳೊಳಗೆ ಆಯೋಗಕ್ಕೆ ಹೋಗಬಹುದು. ಹಳೆಯ ನಿಯಮಾವಳಿ ‘ಬಾಧಿತರಾದ ಯಾವುದೇ ವ್ಯಕ್ತಿ’ಗೆ ಕೊಟ್ಟಿದ್ದ ಈ ಹಕ್ಕನ್ನು ಹೇಳುವಾಗ ಕಾಯ್ದೆ ವೈದ್ಯರನ್ನು ಮಾತ್ರ ಹೆಸರಿಸಿ, ರೋಗಿಯನ್ನು ಹೊರಗೇ ನಿಲ್ಲಿಸಿದೆ. ಸಿಟ್ಟಾಗುವುದಾದರೆ ಇದಕ್ಕೆ ಆಗಬೇಕು.

ನಿಮ್ಮ ಪತ್ರದ ನಿಜವಾದ ವಿಷಯ ಇರುವುದು ಕೊನೆಯ ಸಾಲಿನಲ್ಲಿ. ನೀವದನ್ನು ಮಾತಿನ ನಡುವೆ ಬಂತು ಎಂಬಂತೆ ಹೇಳಿ ಮುಗಿಸಿದ್ದೀರಿ. ಆ ಮೂರು ತಿಂಗಳ ನಡುವೆಯೇ ನಿಮ್ಮ ತಾಯಿಯವರಿಗೆ ಅದೇ ವೈದ್ಯರು ಸಕ್ಕರೆ ಕಾಯಿಲೆಯ ಮಾತ್ರೆಗೆ ಚೀಟಿ ಬರೆದುಕೊಟ್ಟರಂತೆ. ಹೆಸರು ಪುಸ್ತಕದಲ್ಲಿಲ್ಲದವರು ವೈದ್ಯ ವೃತ್ತಿ ನಡೆಸಿದರೆ 2019ರ ಕಾಯ್ದೆಯಡಿ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಚೀಟಿಯನ್ನು ಹುಡುಕಿ ತೆಗೆದು ತಾರೀಖು ನೋಡಿ. ನೋಂದಣಿ ಸಂಖ್ಯೆ ಇದೆಯೇ ಎಂಬುದನ್ನೂ ನೋಡಿ, ಏಕೆಂದರೆ ಚೀಟಿ, ಪ್ರಮಾಣಪತ್ರ, ಹಣದ ರಸೀದಿ ಎಲ್ಲದರಲ್ಲೂ ಅದು ಇರಲೇಬೇಕು. ಆ ದಿನ ಆದೇಶಕ್ಕೆ ತಡೆಯಾಜ್ಞೆಯೇನಾದರೂ ಇದ್ದಿದ್ದರೆ ಮಾತು ಬೇರೆಯಾಗುತ್ತದೆ. ಆದ್ದರಿಂದ ಆದೇಶ ಜಾರಿಯಾದ ದಿನ ಮತ್ತು ಹೆಸರು ಮರಳಿ ಸೇರಿದ ದಿನ ಇವೆರಡನ್ನೂ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಮೊದಲು ಕೇಳಿ. ದೂರು ಕೊಡುವಾಗ ಚೀಟಿಯ ಜೆರಾಕ್ಸ್ ಮಾತ್ರ ಲಗತ್ತಿಸಿ. ಮೂಲಪ್ರತಿ ನಿಮ್ಮ ಬಳಿಯೇ ಇರಲಿ.

— ಸಂಪಾದಕ