ಅಣಬೆ ಶೆಡ್‌ನಲ್ಲಿ ಸಿಕ್ಕ ನೊರಜು ಹೊಸ ಜಾತಿಯದಾ? ಹೆಸರು ನಾನೇ ಇಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಕಲಬುರಗಿಯ ಆಳಂದ ರಸ್ತೆ ಕಡೆ ಚಿಪ್ಪಣಬೆ ಬೆಳೆಯುತ್ತೀರಿ. ಶೆಡ್‌ನಲ್ಲಿ ಸಣ್ಣ ಕಪ್ಪು ನೊರಜು ತುಂಬಿಕೊಂಡಿವೆ. ಮೊಬೈಲ್ ಆ್ಯಪ್ ‘ಫಂಗಸ್ ನ್ಯಾಟ್’ (ಅಣಬೆ ನೊರಜು) ಅಂತ ಹೇಳಿ ಅಲ್ಲಿಗೇ ನಿಂತಿದೆ. ಹಾಗಾದರೆ ಇದು ಹೊಸ ಜಾತಿಯಾ, ಹೌದಾದರೆ ಅವ್ವನ ಹೆಸರು ಇಡಬಹುದಾ ಅಂತ ಕೇಳಿದ್ದೀರಿ.

ಆ್ಯಪ್ ನಿಂತಿತು ಅಂದ ಮಾತ್ರಕ್ಕೆ ಹೊಸದು ಅನ್ನಲು ಬರುವುದಿಲ್ಲ. ನಾನು ಬೀದರ್‌ನವನು, ಕೀಟಶಾಸ್ತ್ರ ಓದಿದವನು, ಇದೇ ಗುಂಪಿನ ನೊರಜುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಗಾಜಿನ ಸ್ಲೈಡ್ ಮಾಡುವ ಹುಚ್ಚು ನನಗಿದೆ. ಹಾಗಿದ್ದೂ ಫೋಟೋ ನೋಡಿ ಜಾತಿ ಹೇಳು ಅಂದರೆ ನಾನೂ ಹೇಳಲಾರೆ.

ಮೊದಲು ಅದು ಫಂಗಸ್ ನ್ಯಾಟ್ ಹೌದೋ ಅಲ್ಲವೋ ನೋಡಿ. ಅಣಬೆ ಶೆಡ್‌ಗೆ ಫೋರಿಡ್ ಅನ್ನುವ ಗೂನುಬೆನ್ನಿನ ನೊಣವೂ ಬರುತ್ತದೆ. ಅದು ತಡೆತಡೆದು ಓಡುತ್ತದೆ, ಮೀಸೆ ಬಹಳ ಗಿಡ್ಡ. ನಿಮ್ಮದಕ್ಕೆ ಉದ್ದ ಕಾಲು, ಮಣಿ ಪೋಣಿಸಿದಂಥ ಉದ್ದ ಮೀಸೆ, ಹೊಗೆ ಬಣ್ಣದ ರೆಕ್ಕೆ ಇದ್ದರೆ ಸಿಯಾರಿಡೀ ಅನ್ನುವ ಫಂಗಸ್ ನ್ಯಾಟ್ ಕುಟುಂಬದ್ದು ಇರಬೇಕು. ಮೀಸೆಯಲ್ಲಿ 16 ಗಂಟು ಇರುತ್ತವೆ. ಲೆನ್ಸ್ ಇದ್ದರೆ ತಲೆ ನೋಡಿ: ಎರಡೂ ಕಣ್ಣು ಮೀಸೆಯ ಬುಡದ ಮೇಲೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮರಿಹುಳಕ್ಕೆ ಕಾಲಿಲ್ಲ. ಮೈ ಬಿಳಿ, ತಲೆ ಮಾತ್ರ ಹೊಳೆಯುವ ಕಪ್ಪು. ಚೀಲದೊಳಗೆ ಅಣಬೆಯ ಬಿಳಿ ಎಳೆ ತಿನ್ನುವುದು ಇದೇ ಮರಿಹುಳ.

ಜಾತಿ ತಿಳಿಯಬೇಕಾದರೆ ಗಂಡು ಹುಳ ಬೇಕು. ಈ ಕುಟುಂಬದಲ್ಲಿ 2,500ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿದೆ, ಹೊರಗಿಂದ ನೋಡಿದರೆ ಬಹಳಷ್ಟು ಒಂದೇ ತರಹ. ವ್ಯತ್ಯಾಸವೆಲ್ಲ ಗಂಡಿನ ಹೊಟ್ಟೆಯ ತುದಿಯಲ್ಲಿದೆ. ಅಲ್ಲಿ ಹೆಣ್ಣನ್ನು ಹಿಡಿದುಕೊಳ್ಳಲು ಇಕ್ಕಳದಂಥ ಒಂದು ಜೋಡಿ ಅಂಗ ಇರುತ್ತದೆ. ಅದರ ತುದಿ ದುಂಡಗಿದೆಯಾ, ಚೂಪಾಗಿದೆಯಾ, ಒಳಬದಿಗೆ ಎಷ್ಟು ಮುಳ್ಳು, ಅವು ತುದಿಯಲ್ಲೇ ಇವೆಯಾ ಸ್ವಲ್ಪ ಕೆಳಗಿವೆಯಾ, ಇದನ್ನೆಲ್ಲ ನೋಡಬೇಕು. ಹುಳವನ್ನು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಒಳಗಿನ ಮಾಂಸ ಕರಗಿ ಹೊರಕವಚ ಉಳಿಯುತ್ತದೆ. ಅದನ್ನು ತೊಳೆದು, ಆಲ್ಕೋಹಾಲ್ ದಾಟಿಸಿ, ಕೆನಡಾ ಬಾಲ್ಸಂ ಅನ್ನುವ ಪಾರದರ್ಶಕ ಅಂಟಿನಲ್ಲಿ ಸ್ಲೈಡ್ ಮಾಡುತ್ತಾರೆ. ಮುಳ್ಳು ಎಣಿಸಲು 400 ಪಟ್ಟು ದೊಡ್ಡದು ಮಾಡಿ ನೋಡಬೇಕಾಗುತ್ತದೆ. ಇಕ್ಕಳ ಸ್ವಲ್ಪ ಓರೆಯಾಗಿ ಕೂತರೂ ಆಕಾರ ಬೇರೆಯಾಗಿ ಕಾಣುತ್ತದೆ. ಅದಕ್ಕೇ ಒಂದೇ ಗಂಡು ಸಾಲದು, ಕೈತುಂಬ ಬೇಕು.

ಇಷ್ಟಾದ ಮೇಲೆ ನಿಜವಾದ ತಲೆನೋವು ಶುರು. ಹೊಸದು ಅನ್ನಬೇಕಾದರೆ ಹಳೆಯ ಯಾವುದೂ ಅಲ್ಲ ಅಂತ ತೋರಿಸಬೇಕು. ನೂರು ವರ್ಷದ ಹಿಂದಿನ ಎಷ್ಟೋ ವಿವರಣೆಗಳಲ್ಲಿ ‘ಮೈ ಕಪ್ಪು, ರೆಕ್ಕೆ ಬೂದು’ ಅನ್ನುವಂಥ ನಾಲ್ಕು ಸಾಲು ಬಿಟ್ಟರೆ ಏನೂ ಇಲ್ಲ, ಆ ಇಕ್ಕಳದ ಚಿತ್ರವೂ ಇಲ್ಲ. ಭಾರತದ ಜಾತಿಗಳಿಗೆ ಕೀಟತಜ್ಞ ಬ್ರುನೆಟ್ಟಿ 1912ರಲ್ಲಿ ಬರೆದದ್ದರಿಂದಲೇ ಶುರು ಮಾಡಬೇಕು. ಅನುಮಾನ ಬಂದರೆ ಮ್ಯೂಸಿಯಂನಲ್ಲಿರುವ ಮೂಲ ಹುಳವನ್ನೇ ನೋಡಬೇಕು, ಇಲ್ಲವೇ ನೋಡಿದವರನ್ನು ಕೇಳಬೇಕು. ಇದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಣಬೆ ಶೆಡ್‌ನದೇ ಉದಾಹರಣೆ ಇದೆ. ಬ್ರಾಡಿಸಿಯಾ ಇಂಪೇಶಿಯನ್ಸ್ ಅನ್ನುವ ನೊರಜಿಗೆ 1912ರಲ್ಲಿ ಜೋಹಾನ್ಸೆನ್ ಹೆಸರಿಟ್ಟಿದ್ದರು. 1948ರಲ್ಲಿ ಫ್ರೇ ಅದನ್ನೇ ಬ್ರಾಡಿಸಿಯಾ ಡಿಫಾರ್ಮಿಸ್ ಅಂತ ಕರೆದರು. ಎರಡೂ ಒಂದೇ ಅಂತ ಆಮೇಲೆ ಗೊತ್ತಾಯಿತು, ಹಳೆಯ ಹೆಸರು ಉಳಿಯಿತು. ಅಷ್ಟರಲ್ಲಿ ದಶಕಗಳ ಲೇಖನಗಳು ಎರಡನೇ ಹೆಸರಿನಲ್ಲಿ ಬಂದುಬಿಟ್ಟಿದ್ದವು.

ಶೆಡ್‌ನಲ್ಲಿ ಸಿಕ್ಕಿದ್ದು ಹೊಸದಾಗಿರುವ ಸಾಧ್ಯತೆ ಕಡಿಮೆ ಅನ್ನುವುದೂ ಇದಕ್ಕೇ. ಇಂಥ ನೊರಜುಗಳು ಕುಂಡದ ಮಣ್ಣು, ಗೊಬ್ಬರ, ನರ್ಸರಿ ಸಸಿಗಳ ಜೊತೆ ದೇಶ ದೇಶ ಸುತ್ತಿವೆ. ನನ್ನನ್ನು ಕೇಳಿದರೆ ಹೊಸದನ್ನು ಹುಡುಕಬೇಕಾದ್ದು ಚಿಂಚೋಳಿ ತಾಲೂಕಿನ ಕೊಂಚಾವರಂ ಕಾಡಿನಲ್ಲಿ, ಮಳೆಗಾಲದಲ್ಲಿ, ಕೊಳೆತ ಮರದ ಬುಡದಲ್ಲಿ. ನಮ್ಮ ಭಾಗ ಅಂದರೆ ಬಿಸಿಲು, ತೊಗರಿ, ಫರ್ಸಿ ಕಲ್ಲು, ಇಲ್ಲಿ ಅಣಬೆ ತಿನ್ನೋ ಹುಳ ಎಲ್ಲಿಂದ ಬಂತು ಅಂತ ಹೊರಗಿನವರು ನಗುತ್ತಾರೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿದಾಗ ಬಂದು ನೋಡಲಿ. ಆದರೆ ಕೊಂಚಾವರಂ ಕಾಡು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಒಂದು ಹುಳವನ್ನೂ ಹಿಡಿಯಬೇಡಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಮುಗೀತಲ್ವಾ ಅಂತ ಕೇಳುತ್ತೀರೇನೋ. ಸಿಒಐ ಅನ್ನುವ ಜೀನಿನ ಸುಮಾರು 658 ಅಕ್ಷರ ಓದಿ ಹೋಲಿಸುತ್ತಾರೆ. ಒಳ್ಳೆಯ ಸಾಧನವೇ. ಆದರೆ ಈಗಾಗಲೇ ಓದಿಟ್ಟ ಡಿಎನ್‌ಎಗಳ ಪಟ್ಟಿಯಲ್ಲಿ ಹೊಂದಿಕೆ ಸಿಗಲಿಲ್ಲ ಅಂದರೆ, ಹೆಸರಿರುವ ಹಳೆಯ ಜಾತಿಯ ಡಿಎನ್‌ಎಯನ್ನೇ ಯಾರೂ ಇನ್ನೂ ಹಾಕಿಲ್ಲದೆ ಇರಬಹುದು. ಕೊನೆಗೆ ಸ್ಲೈಡ್‌ಗೇ ಬರಬೇಕು.

ಇನ್ನು ಹೆಸರು. ಪೇಪರಿನಲ್ಲಿ ಸುದ್ದಿ ಬಂದರೆ, ಫೇಸ್‌ಬುಕ್‌ನಲ್ಲಿ ಹಾಕಿದರೆ ಅದು ಲೆಕ್ಕಕ್ಕಿಲ್ಲ. ವೈಜ್ಞಾನಿಕ ಲೇಖನ ಬರಬೇಕು, ‘ಇದು ಹೊಸ ಜಾತಿ’ ಅಂತ ಅದರಲ್ಲಿ ಸ್ಪಷ್ಟವಾಗಿ ಇರಬೇಕು. ಒಂದು ಹುಳವನ್ನು ಹೋಲೋಟೈಪ್ ಅಂತ ಗುರುತಿಸಬೇಕು, ಆ ಹೆಸರು ಮುಂದೆಲ್ಲ ಆ ಒಂದು ಹುಳಕ್ಕೇ ಅಂಟಿಕೊಂಡಿರುತ್ತದೆ. ಲೇಖನ ಬರೀ ಆನ್‌ಲೈನ್‌ನಲ್ಲಿ ಬರುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಜಾತಿಯ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯಕ್ಕೆ ಕೊಡಲೇಬೇಕು, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಹೆಸರಿಡುವ ಹಕ್ಕು ಹುಳ ಹಿಡಿದವರಿಗಲ್ಲ, ಲೇಖನ ಬರೆದವರಿಗೆ. ಅದಕ್ಕೇ ಹುಳ ಕೊಡುವಾಗಲೇ ಅವ್ವನ ಹೆಸರಿನ ಮಾತು ಆಡಿಬಿಡಿ, ಬಹಳ ಜನ ಸಂತೋಷದಿಂದ ಒಪ್ಪುತ್ತಾರೆ. ಹೆಣ್ಣುಮಗಳ ಹೆಸರಿಗೆ ಲ್ಯಾಟಿನ್‌ನ ‘ಎ, ಇ’ ಪ್ರತ್ಯಯ ಸೇರಿಸುತ್ತಾರೆ, ಗಂಡಸಿನದಾದರೆ ‘ಐ’, ಊರಿನದಾದರೆ ‘ಎನ್ಸಿಸ್’. ತನ್ನ ಹೆಸರನ್ನೇ ಇಟ್ಟುಕೊಳ್ಳಲು ನಿಯಮದ ಅಡ್ಡಿ ಇಲ್ಲ, ಆದರೆ ಈ ಕ್ಷೇತ್ರದವರು ಜನ್ಮಪೂರ್ತಿ ಆಡಿಕೊಳ್ಳುತ್ತಾರೆ.

ಸದ್ಯಕ್ಕೆ ಬೆಳೆ ಉಳಿಸಿಕೊಳ್ಳಿ: ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ಹಳದಿ ಅಂಟು ಹಾಳೆ, ಮುಗಿದ ಚೀಲಗಳನ್ನು ಶೆಡ್‌ನಿಂದ ದೂರ ಹಾಕುವುದು. ಅಂಟಿಗೆ ಸಿಕ್ಕ ಹುಳ ಪರೀಕ್ಷೆಗೆ ಬರುವುದಿಲ್ಲ, ಕಾಲು ಮೀಸೆ ಕಿತ್ತುಹೋಗುತ್ತವೆ. ಬೇರೆಯಾಗಿ ಹಿಡಿದು ಚಿಕ್ಕ ಸೀಸೆಯಲ್ಲಿ ಆಲ್ಕೋಹಾಲ್‌ಗೆ ಹಾಕಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೇಳಿದರೆ ಆಲ್ಕೋಹಾಲ್ ಸಿಗಬಹುದು. ದಿನಾಂಕ, ಜಾಗ, ಯಾವ ಅಣಬೆ, ಹಿಡಿದವರ ಹೆಸರು, ಇಷ್ಟನ್ನೂ ಚೀಟಿಯಲ್ಲಿ ಪೆನ್ಸಿಲ್‌ನಿಂದಲೇ ಬರೆದು ಸೀಸೆಯ ಒಳಗೆ ಹಾಕಿ. ಪೆನ್ನಿನ ಶಾಯಿ ಕರಗಿಹೋಗುತ್ತದೆ. ಲೆನ್ಸ್‌ನಲ್ಲಿ ಹೊಟ್ಟೆಯ ತುದಿಯ ಫೋಟೋ ತೆಗೆಯಲು ಬಂದರೆ ಕಾಮೆಂಟ್‌ನಲ್ಲಿ ಹಾಕಿ. ಗಂಡೋ ಹೆಣ್ಣೋ ಅಷ್ಟನ್ನಂತೂ ಹೇಳುತ್ತೇನೆ.