ಅಕ್ಕೋರನ್ನು ಕೇಳಿ: ಶೇಕಡಾ ಬಿಡಿ, ಹೆಸರು ಹೇಳಿ

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಪತ್ರಗಳು ಜಾಸ್ತಿ ಬರುತ್ತವೆ. ಈ ಸಲ ಬಂದವು ಹೆಚ್ಚಾಗಿ ಆರು, ಏಳು, ಎಂಟನೇ ತರಗತಿಯ ಮಕ್ಕಳದ್ದೇ ಚಿಂತೆ. ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಪಾಠ ಮಾಡಿ, ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು ನಾನು. ನನಗೆ ಗೊತ್ತಿರುವುದು ಆ ಕಡೆಯ ಶಾಲೆ. ಉತ್ತರವೂ ಅಲ್ಲಿಂದಲೇ.

ಪ್ರಶ್ನೆ: ಅಕ್ಕೋರೇ, ನಮ್ಮೂರ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಈ ಸಲ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಿದ್ದಾರೆ. ನಾನು ಓದಿದ್ದು ಏಳನೇ ಇಯತ್ತೆ. ಹೆಡ್ ಮಾಸ್ತರು ‘ಶಾಲಾ ಅಭಿವೃದ್ಧಿ ಯೋಜನೆ’ ಅಂತ ಫಾರಂ ತಂದು ಸಹಿ ಕೇಳಿದರು. ಅದರಲ್ಲಿ ಕಾಂಪೌಂಡ್, ಬಣ್ಣ, ಶೌಚಾಲಯದ ನಲ್ಲಿ, ಎರಡು ಕೊಠಡಿ ರಿಪೇರಿ ಇತ್ತು. ಓದಿನ ಬಗ್ಗೆ ಕೊನೆಗೆ ಒಂದೇ ಸಾಲು: ‘ಫಲಿತಾಂಶ ಶೇ. 10ರಷ್ಟು ಹೆಚ್ಚಿಸುವುದು.’ ಹೆಂಗೆ ಅಂತ ಕೇಳಿದೆ. ‘ಅದು ನಮ್ಮ ಕೆಲಸ, ನೀವು ಕಾಂಪೌಂಡ್ ನೋಡಿ’ ಅಂದರು. ನಾನು ಕೇಳಿದ್ದು ತಪ್ಪಾ?
— ಎಸ್‌ಡಿಎಂಸಿ ಅಧ್ಯಕ್ಷರು, ರಾಣೆಬೆನ್ನೂರು ತಾಲ್ಲೂಕು

ಉತ್ತರ: ಅಧ್ಯಕ್ಷರೇ, ಕೇಳಬೇಕಾದ್ದನ್ನೇ ಕೇಳಿದ್ದೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಕೆಲಸದ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು ನಿಮ್ಮ ಸಮಿತಿಯ ಕೆಲಸ. ಬೇರೆಯವರು ತಯಾರಿಸಿದ್ದಕ್ಕೆ ಸಹಿ ಹಾಕುವುದಷ್ಟೇ ಅಲ್ಲ. ಅದೇ ಕಾಯ್ದೆಯ 24ನೇ ಕಲಂ ಶಿಕ್ಷಕರಿಗೆ ಇನ್ನೊಂದು ಮಾತು ಹೇಳುತ್ತದೆ: ಪ್ರತಿ ಮಗುವಿನ ಕಲಿಕೆ ಎಷ್ಟಿದೆ ಅಂತ ನೋಡಿ, ಬೇಕಾದವರಿಗೆ ಹೆಚ್ಚಿಗೆ ಪಾಠ ಮಾಡಬೇಕು, ತಂದೆತಾಯಿಗೆ ಅದನ್ನು ತಿಳಿಸಬೇಕು. ಹಾಗಾಗಿ ಓದಿನ ವಿಷಯ ಅವರದೂ ಹೌದು, ನಿಮ್ಮದೂ ಹೌದು.

ಇನ್ನು ಆ ಶೇ. 10. ಯಾರು ಆ ಹತ್ತು? ಆ ಸಾಲು ಬರೆದವರಿಗೇ ಗೊತ್ತಿರುವುದಿಲ್ಲ. ಕಳೆದ ವರ್ಷದ ಫಾರಂ ತೆಗೆಸಿ ನೋಡಿ, ಅಲ್ಲೂ ಅದೇ ಸಾಲು ಇದ್ದರೆ ನನಗೇನೂ ಆಶ್ಚರ್ಯವಿಲ್ಲ. ನೀವು ಶೇಕಡಾ ಕೇಳಬೇಡಿ, ಹೆಸರು ಕೇಳಿ. ‘ಆರರಿಂದ ಎಂಟರವರೆಗೆ, ಕನ್ನಡದ ಒಂದು ಪ್ಯಾರಾ ತಡವರಿಸದೆ ಓದಲು ಬಾರದ ಮಕ್ಕಳು ಯಾರ್‍ಯಾರು? ಒಂದು ಹಾಳೆಯಲ್ಲಿ ಬರೆದುಕೊಡಿ ಸರ್’ ಅಂತ ಮರ್ಯಾದೆಯಿಂದಲೇ ಕೇಳಿ.

ಆ ಹಾಳೆ ಮಾಡುವುದು ಕಷ್ಟವಲ್ಲ. ನಾಲ್ಕನೇ ತರಗತಿಯ ಕನ್ನಡ ಪುಸ್ತಕದಿಂದ, ಮಕ್ಕಳಿಗೆ ಬಾಯಿಪಾಠ ಆಗಿರದ ಒಂದು ಪ್ಯಾರಾ ಆರಿಸಬೇಕು. ಒಬ್ಬೊಬ್ಬರನ್ನೇ ವರಾಂಡಕ್ಕೆ ಕರೆದು ಓದಿಸಬೇಕು. ಒಂದು ಮಗುವಿಗೆ ಎರಡು-ಮೂರು ನಿಮಿಷ ಸಾಕು. ‘ಹತ್ತಿ’ಯನ್ನು ‘ಹತಿ’ ಅಂತ, ‘ಅಮ್ಮ’ನನ್ನು ‘ಅಮ’ ಅಂತ ಓದಿದರೆ ಒತ್ತಕ್ಷರದ ಹತ್ತಿರ ನಿಂತಿದ್ದಾನೆ. ‘ಕೊ’ ಮತ್ತು ‘ಕೋ’ ಒಂದೇ ಥರ ಕಂಡರೆ ಕಾಗುಣಿತ ಆಗಿಲ್ಲ. ಅಕ್ಷರವನ್ನೇ ಹುಡುಕುತ್ತಿದ್ದರೆ ಅದು ಇನ್ನೊಂದು ಕಥೆ. ಹೀಗೆ ಹೆಸರಿನ ಮುಂದೆ ಎಲ್ಲಿ ನಿಂತಿದ್ದಾರೆ ಅಂತ ಬರೆದರೆ ಯೋಜನೆ ಅರ್ಧ ಆದಂತೆ. ಉಳಿದರ್ಧ ಅಂದರೆ ಯಾರು ಕಲಿಸುತ್ತಾರೆ, ಯಾವ ಪಿರಿಯಡ್‌ನಲ್ಲಿ, ಮತ್ತೆ ಯಾವಾಗ ಓದಿಸಿ ನೋಡುತ್ತಾರೆ. ನನ್ನ ಪ್ರಕಾರ ಆರು ವಾರಕ್ಕೊಮ್ಮೆ ನೋಡಬೇಕು. ವರ್ಷದ ಕೊನೆಗೆ ನೋಡಿದರೆ ಏನೂ ಮಾಡಲು ಬರುವುದಿಲ್ಲ.

ಒಂದು ಎಚ್ಚರಿಕೆ. ನೀವೇ ತರಗತಿಗೆ ನುಗ್ಗಿ ಮಕ್ಕಳನ್ನು ಎಬ್ಬಿಸಿ ಓದಿಸಬೇಡಿ. ಮಕ್ಕಳೂ ಹೆದರುತ್ತಾರೆ, ಶಿಕ್ಷಕರೂ ಮುಖ ತಿರುಗಿಸುತ್ತಾರೆ. ಆಮೇಲೆ ಹಾಳೆ ಬರುತ್ತದೆ, ನಿಜ ಬರುವುದಿಲ್ಲ. ಹುದ್ದೆ ಖಾಲಿ ಇದೆಯಾ ಅಂತಲೂ ನೋಡಿ. ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಇರಬೇಕು. ಇಲ್ಲದಿದ್ದರೆ ಅತಿಥಿ ಶಿಕ್ಷಕರು ಬೇಕು ಅಂತ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಸಮಿತಿಯ ಠರಾವು ಮಾಡಿ ಕಳಿಸಿ. ಬಾಯಿಮಾತಲ್ಲಿ ಹೇಳಿದ್ದು ಆ ಕಚೇರಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಮರೆತುಹೋಗಿರುತ್ತದೆ.

ಕಾಂಪೌಂಡನ್ನು ಪಂಚಾಯಿತಿಗೆ ಬಿಡಿ. ಎಷ್ಟೋ ಊರಲ್ಲಿ ನರೇಗಾದಡಿ ಪಂಚಾಯಿತಿಯವರೇ ಕಟ್ಟಿಸಿಕೊಟ್ಟಿದ್ದಾರೆ. ಶಾಲೆಯ ಖರ್ಚಿಗೆಂದು ಸಮಗ್ರ ಶಿಕ್ಷಣ ಯೋಜನೆ ಕೊಡುವ ಸಂಯುಕ್ತ ಅನುದಾನ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50 ಸಾವಿರ ರೂಪಾಯಿ. ಅದರಲ್ಲಿ ಬಣ್ಣಕ್ಕೆ ಎಷ್ಟು ಹೋಯಿತು, ಕಲಿಕೆಯ ಸಾಮಾನಿಗೆ ಎಷ್ಟು ಉಳಿಯಿತು ಅಂತ ಕೇಳಿ. ಮುಂದಿನ ಸಭೆಯಲ್ಲಿ ಓದಿನ ವಿಷಯ ಮೊದಲು, ಕಾಂಪೌಂಡ್ ಕೊನೆಗೆ. ಚಹಾ ಬರುವ ಮುಂಚೆ ಹೆಸರಿನ ಹಾಳೆ ಓದಿ ಮುಗಿಸಿ.

ಪ್ರಶ್ನೆ: ಮೇಡಂ, ನಾನು ಪದವೀಧರ ಪ್ರಾಥಮಿಕ ಶಿಕ್ಷಕ, ಗಣಿತ ನನ್ನ ವಿಷಯ. ಏಳನೇ ತರಗತಿಯಲ್ಲಿ 38 ಮಕ್ಕಳು. ಅದರಲ್ಲಿ 11 ಜನಕ್ಕೆ ಕಡ ತಗೊಂಡು ಕಳೆಯುವ ಲೆಕ್ಕವೇ ಬರುವುದಿಲ್ಲ. ವರ್ಷದ ಶುರುವಿನಲ್ಲಿ ಹಿಂದಿನ ಪಾಠ ನೆನಪಿಸುವ ಸೇತುಬಂಧ ಮುಗಿಯಿತು, ಅದರ ಕೊನೆಯ ಸಾಫಲ್ಯ ಪರೀಕ್ಷೆಯಾಯಿತು, ಕಡತ ಬೀರುವಿಗೆ ಹೋಯಿತು. ಈಗ ಹಿಂದುಳಿದವರಿಗೆ ಪರಿಹಾರ ಬೋಧನೆ ಮಾಡಿ ಅಂತಾರೆ, ಸಿಲಬಸ್ಸೂ ಮುಗಿಸಿ ಅಂತಾರೆ. ಎರಡೂ ಹೇಗೆ?
— ಒಬ್ಬ ಶಿಕ್ಷಕ, ಹಿರೇಕೆರೂರು ತಾಲ್ಲೂಕು

ಉತ್ತರ: ಸರ್, ನೀವು 11 ಅಂತ ಲೆಕ್ಕ ಹಿಡಿದು ಬರೆದಿದ್ದು ನೋಡಿ ಖುಷಿಯಾಯಿತು. ಈಗ ಆ ಹನ್ನೊಂದನ್ನೂ ಬಿಡಿಸೋಣ.

52ರಲ್ಲಿ 27 ಕಳೆಯಲು ಕೊಡಿ. ಸುಮಾರು ಜನ 35 ಅಂತ ಬರೆಯುತ್ತಾರೆ. ನಾವು ಕೆಂಪು ಪೆನ್ನಲ್ಲಿ ಅಡ್ಡ ಗೆರೆ ಎಳೆದು ಮುಂದೆ ಹೋಗುತ್ತೇವೆ. ಆದರೆ ಆ 35 ಎರಡು ದಾರಿಯಲ್ಲಿ ಬರುತ್ತದೆ. ಒಬ್ಬನು ‘2ರಲ್ಲಿ 7 ಹೋಗಲ್ಲ’ ಅಂತ 7ರಲ್ಲೇ 2 ಕಳೆದು 5 ಬರೆದ, ಆಮೇಲೆ 5ರಲ್ಲಿ 2 ಕಳೆದು 3. ಇನ್ನೊಬ್ಬಳು ಸರಿಯಾಗಿಯೇ ಕಡ ತಗೊಂಡಳು, 12ರಲ್ಲಿ 7 ಕಳೆದು 5 ಬರೆದಳು, ಆದರೆ ದಶಕದ ಮನೆಯಲ್ಲಿ 5 ಹಾಗೇ ಉಳಿಯಿತು, 4 ಆಗಲಿಲ್ಲ. ಉತ್ತರ ಒಂದೇ, ತಪ್ಪು ಬೇರೆ ಬೇರೆ. ಇಬ್ಬರಿಗೂ ಒಂದೇ ಪಾಠ ಮಾಡಿದರೆ ಒಬ್ಬರಿಗಂತೂ ಉಪಯೋಗವಿಲ್ಲ.

ಪತ್ತೆ ಮಾಡಲು 60ರಲ್ಲಿ 27 ಕೊಡಿ. 47 ಬರೆದರೆ ಮೊದಲನೆಯ ಥರ. 43 ಬರೆದರೆ ಎರಡನೆಯ ಥರ. 40 ಬರೆದರೆ ಅವರಿಗೆ ಸೊನ್ನೆಯ ಜೊತೆಗೇ ಜಗಳ. ಬೇರೇನೋ ಬರೆದವರನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಹೆಂಗೆ ಮಾಡಿದೆ, ಹೇಳು’ ಅನ್ನಿ. ‘ಯಾಕೆ ತಪ್ಪು ಮಾಡಿದೆ’ ಅನ್ನಬೇಡಿ.

ಮೊದಲನೆಯವರಿಗೆ ಪುಸ್ತಕ ಮುಚ್ಚಿಸಿ. ಐದು ಹತ್ತರ ನೋಟು, ಎರಡು ಒಂದರ ನಾಣ್ಯ ಕೈಗೆ ಕೊಡಿ. ರಟ್ಟಿನಲ್ಲಿ ಕತ್ತರಿಸಿದ್ದಾದರೂ ಆದೀತು. ‘27 ರೂಪಾಯಿ ಕೊಡು’ ಅನ್ನಿ. ಎರಡು ನೋಟು ಕೊಟ್ಟು, ನಾಣ್ಯ ನೋಡಿ ನಿಲ್ಲುತ್ತಾನೆ. ಒಂದು ನೋಟಿಗೆ ಚಿಲ್ಲರೆ ಬೇಕು ಅಂತ ಅವನೇ ಕೇಳುತ್ತಾನೆ. ಕಿರಾಣಿ ಅಂಗಡಿಗೆ ಹೋಗಿ ಬರುವ ಹುಡುಗನಿಗೆ ಇದನ್ನು ನಾವು ಕಲಿಸಬೇಕಾಗಿಲ್ಲ. ಆಮೇಲೆ ಆಟದ ಪಕ್ಕದಲ್ಲೇ ಅಂಕಿ ಬರೆಸಿ. ಎರಡನೆಯವರಿಗೆ ಇಷ್ಟೆಲ್ಲ ಬೇಡ. ದಶಕದ 5 ಹೊಡೆದುಹಾಕಿ ಮೇಲೆ 4 ಬರೆಯುವ ರೂಢಿ ಮಾಡಿಸಿದರೆ ಒಂದು ವಾರದಲ್ಲಿ ಸರಿಹೋಗುತ್ತಾರೆ.

ಸಮಯ ಎಲ್ಲಿಂದ? ಆರು, ಏಳು, ಎಂಟಕ್ಕೆ ಗಣಿತದ ಪಿರಿಯಡ್ ಒಂದೇ ಹೊತ್ತಿಗೆ ಬರುವಂತೆ ವಾರಕ್ಕೆ ಮೂರು ದಿನ ವೇಳಾಪಟ್ಟಿ ಬದಲಿಸಲು ಮುಖ್ಯ ಶಿಕ್ಷಕರನ್ನು ಕೇಳಿ. ಆ ಮೂರು ದಿನ ಮಕ್ಕಳು ತರಗತಿ ಪ್ರಕಾರ ಅಲ್ಲ, ಬರುವ ಲೆಕ್ಕದ ಪ್ರಕಾರ ಕೂರಲಿ. ಪಕ್ಕದ ಕೋಣೆಯಲ್ಲಿ ಕನ್ನಡದವರೋ ಸಮಾಜದವರೋ ನಿಂತರೂ ನಡೆಯುತ್ತದೆ, ಕಳೆಯುವ ಲೆಕ್ಕಕ್ಕೆ ಬಿಎಸ್ಸಿ ಬೇಕಿಲ್ಲ. ಸಿಲಬಸ್ ಹಿಂದೆ ಬೀಳುತ್ತದೆ ಅನ್ನುವ ಭಯ ಬೇಡ. ಏಳನೆಯ ಪುಸ್ತಕದಲ್ಲಿ ಪೂರ್ಣಾಂಕ ಇದೆ, ಭಿನ್ನರಾಶಿ ಇದೆ, ಸರಳ ಸಮೀಕರಣ ಇದೆ. ಕಳೆಯಲು ಬಾರದವನು ಅಲ್ಲಿ ಕೂತು ಏನು ಮಾಡುತ್ತಾನೆ ಹೇಳಿ?

ಎರಡು ಮಾತು ಖಡಕ್ಕಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಆಟದ ಪಿರಿಯಡ್ ಕಿತ್ತುಕೊಳ್ಳಬೇಡಿ. ಕೆಲವು ಮಕ್ಕಳಿಗೆ ಶಾಲೆಗೆ ಬರಲು ಅದೊಂದೇ ಕಾರಣ. ಗುಂಪಿಗೆ ‘ನಿಧಾನ ಕಲಿಕೆ’ ಅಂತ ಬೋರ್ಡ್ ಹಾಕಬೇಡಿ. ಹೂವಿನ ಹೆಸರಿಟ್ಟರೂ ಮಕ್ಕಳಿಗೆ ಎರಡೇ ದಿನದಲ್ಲಿ ಗೊತ್ತಾಗುತ್ತದೆ, ಅದು ಬೇರೆ ಮಾತು. ಆದರೆ ಆರು ವಾರಕ್ಕೆ ಗುಂಪು ಬದಲಾಗುತ್ತದೆ ಅಂತಲೂ ಗೊತ್ತಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬೀರುವಿನಲ್ಲಿ ಗಣಿತ ಕಿಟ್ ಇದ್ದರೆ ಬೀಗ ತೆಗೆಸಿ. ಮಣಿ ಕಳೆದುಹೋದರೆ ಹೋಗಲಿ.

ಪ್ರಶ್ನೆ: ಅಕ್ಕಾ, ನನ್ನ ಮಗ ಒಂದನೇ ತರಗತಿಗೆ ಸೇರಿದ್ದು 2020ರಲ್ಲಿ. ಈಗ ದೊಡ್ಡ ತರಗತಿಗೆ ಬಂದರೂ ಓದಲು ಬರುವುದಿಲ್ಲ. ಪಾಠ ಕೇಳಿ ಬಾಯಿಪಾಠ ಮಾಡಿ ಓದಿದಂತೆ ಹೇಳುತ್ತಾನೆ. ಸೋಮವಾರ ಬಂತೆಂದರೆ ಹೊಟ್ಟೆನೋವು. ‘ಇವನ ತಲೆಗೆ ಹತ್ತಲ್ಲ’ ಅಂತ ಎಲ್ಲರ ಎದುರಿಗೆ ಹೇಳಿದರಂತೆ. ಟ್ಯೂಷನ್‌ಗೆ ಹಾಕಲಾ? ಏನಾದರೂ ಕಾಯಿಲೆ ಇರಬಹುದಾ?
— ಒಬ್ಬ ತಾಯಿ, ಬ್ಯಾಡಗಿ

ಉತ್ತರ: ತಂಗಿ, ಮೊದಲು ಕಣ್ಣು, ಕಿವಿ ತೋರಿಸು. ಶಾಲೆಗೆ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರ್ ತಂಡ ಬರುತ್ತದೆ, ಅವತ್ತು ಅವನನ್ನು ತಪ್ಪಿಸಬೇಡ. ಅಷ್ಟು ದಿನ ಕಾಯುವುದು ಬೇಡ ಅಂದರೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗು. ಹಿಂದಿನ ಬೆಂಚಿನಿಂದ ಬೋರ್ಡ್ ಕಾಣದ ಮಗುವನ್ನು ದಡ್ಡ ಅಂದಿದ್ದು ನಾನು ಬಹಳ ನೋಡಿದ್ದೇನೆ.

ಆಮೇಲೆ ವರ್ಷದ ಲೆಕ್ಕ ಹಾಕು. ಕೊರೊನಾದಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಂದರೆ ನಿನ್ನ ಮಗನ ಒಂದನೇ ತರಗತಿ ಪೂರ್ತಿ, ಎರಡನೆಯದರಲ್ಲಿ ಸುಮಾರು ಅರ್ಧ ಮನೆಯಲ್ಲೇ ಕಳೆಯಿತು. ಚಿಕ್ಕ ತರಗತಿಗಳ ನಲಿ-ಕಲಿಯಲ್ಲಿ ಅಕ್ಷರ ಹಿಡಿಯುವ ಹೊತ್ತಿಗೆ ಶಾಲೆಯೇ ಇರಲಿಲ್ಲ. 2022-23ರಲ್ಲಿ ತಪ್ಪಿಹೋದ ಕಲಿಕೆ ತುಂಬಿಸಲು ಕಲಿಕಾ ಚೇತರಿಕೆ ಅಂತ ಮಾಡಿದರು. ಎಷ್ಟೋ ಮಕ್ಕಳಿಗೆ ದಾರಿ ಸಿಕ್ಕಿತು, ಎಲ್ಲರಿಗೂ ಅಲ್ಲ. ಹಾಗಾಗಿ ಕಾಯಿಲೆಗಿಂತ, ಕಲಿಸಿಯೇ ಇಲ್ಲ ಅನ್ನುವುದೇ ಜಾಸ್ತಿ ಇರಬಹುದು. ಎರಡು-ಮೂರು ತಿಂಗಳು ಸರಿಯಾಗಿ ಕಲಿಸಿದರೂ ಅಕ್ಷರ ನಿಲ್ಲದಿದ್ದರೆ, ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ವಿಶೇಷ ಮಕ್ಕಳಿಗಾಗಿ ಇರುವ ಬಿಐಇಆರ್‌ಟಿ ಶಿಕ್ಷಕರನ್ನು ಕರೆಸಲು ಹೆಡ್ ಮಾಸ್ತರಿಗೆ ಅರ್ಜಿ ಬರೆದುಕೊಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಇದೆ ಅಂತಾದರೆ ಮುಂದೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ. ಅದಕ್ಕೆ ನಾಚಿಕೊಳ್ಳಬೇಕಿಲ್ಲ.

ಟ್ಯೂಷನ್‌ಗೆ ಅವಸರ ಬೇಡ. ಅವನ ಶಾಲೆಯ ಶಿಕ್ಷಕರೇ ದುಡ್ಡು ತಗೊಂಡು ಟ್ಯೂಷನ್ ಹೇಳುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ (ಅರಿವು ಕೇಂದ್ರ) ಮಕ್ಕಳಿಗೆ ಸದಸ್ಯತ್ವ ಉಚಿತ. ಚಿತ್ರ ಜಾಸ್ತಿ, ಅಕ್ಷರ ಕಡಿಮೆ ಇರುವ ಪುಸ್ತಕ ತಾ. ರೊಟ್ಟಿ ಬಡಿಯುವ ಹೊತ್ತಿಗೆ ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೆ ಒಂದು ಪುಟ ಓದಿಸು. ತಪ್ಪಿದರೆ ಬೈಯಬೇಡ, ನೀನೇ ಆ ಪದ ಹೇಳಿ ಮುಂದೆ ಹೋಗು. ತಮ್ಮನೋ ತಂಗಿಯೋ ಇದ್ದರೆ ಅವರಿಗೆ ಓದಿ ಹೇಳಲಿ. ಚಿಕ್ಕವರ ಎದುರು ಓದಲು ದೊಡ್ಡ ಮಕ್ಕಳಿಗೆ ನಾಚಿಕೆ ಕಡಿಮೆ.

‘ತಲೆಗೆ ಹತ್ತಲ್ಲ’ ಅಂದವರ ಹತ್ತಿರ ಒಬ್ಬಳೇ ಹೋಗಿ ಮಾತಾಡು, ಎಲ್ಲರ ಎದುರು ಬೇಡ. ಮಗುವಿಗೆ ಮಾನಸಿಕ ಹಿಂಸೆ ಕೊಡಬಾರದು ಅಂತಲೂ ಕಾಯ್ದೆಯಲ್ಲಿದೆ. ಆದರೆ ಮೊದಲ ದಿನವೇ ಕಾಯ್ದೆ ಎತ್ತಬೇಡ. ಹೊಟ್ಟೆನೋವಿನ ವಿಷಯ ಹೇಳು. ಎಷ್ಟೋ ಶಿಕ್ಷಕರಿಗೆ ಅದು ಗೊತ್ತೇ ಇರುವುದಿಲ್ಲ.

ಪ್ರಶ್ನೆ: ನಮ್ಮಲ್ಲಿ ಬೀಜೋತ್ಪಾದನೆಯ ಹತ್ತಿ ಜಾಸ್ತಿ. ಕ್ರಾಸಿಂಗ್ (ಕೈಯಿಂದ ಪರಾಗ ಮುಟ್ಟಿಸುವ ಕೆಲಸ) ಶುರುವಾದರೆ ಏಳು, ಎಂಟರ ಹುಡುಗಿಯರು ಶಾಲೆಗೆ ಬರುವುದಿಲ್ಲ. ಮನೆಗೆ ಹೋದರೆ ‘ನಾಳೆ ಕಳಸ್ತೀವಿ ಸರ್’ ಅಂತಾರೆ.
— ಮುಖ್ಯ ಶಿಕ್ಷಕರೊಬ್ಬರು

ಉತ್ತರ: ಆ ಕೆಲಸದ ಹೊತ್ತು ನೋಡಿ ಸರ್. ಮಧ್ಯಾಹ್ನದ ಮೇಲೆ ಮೊಗ್ಗು ಸುಲಿಯಬೇಕು, ಮರುದಿನ ಬೆಳಗ್ಗೆ ಪರಾಗ ಮುಟ್ಟಿಸಬೇಕು. ಶಾಲೆಯ ಎರಡೂ ತುದಿ ಅದಕ್ಕೇ ಹೋಗುತ್ತದೆ. ಹಾಗಾಗಿ ತಾಯಂದಿರನ್ನು ಮಾತ್ರ ಕೇಳಿದರೆ ಸಾಲದು. ಯಾವ ಹುಡುಗಿ ಯಾರ ಪ್ಲಾಟಿಗೆ ಹೋಗುತ್ತಾಳೆ ಅಂತ ಪಟ್ಟಿ ಮಾಡಿ, ಕ್ರಾಸಿಂಗ್‌ಗೆ ಮುಂಚೆಯೇ, ಎಸ್‌ಡಿಎಂಸಿಯವರನ್ನು ಕರೆದುಕೊಂಡು ಹೊಲದ ಮಾಲೀಕರ ಹತ್ತಿರ ಹೋಗಿ. 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ. ಸ್ವಂತ ಹೊಲದಲ್ಲಿ ನೆರವಾಗುವುದಿದ್ದರೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಮಾತು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಇದನ್ನು ಎತ್ತಲಿ. ಪಂಚಾಯಿತಿಯವರಿಗೆ ನಮ್ಮ ಪತ್ರಕ್ಕಿಂತ ಅದು ಬೇಗ ತಟ್ಟುತ್ತದೆ.

ತಿರುಗಿ ಬಂದವಳಿಗೆ ‘ಬಂದ್ಯಾ ಮಹಾರಾಯ್ತಿ’ ಅಂತ ಯಾರೂ ಅನ್ನದಂತೆ ನೋಡಿಕೊಳ್ಳಿ. ಯಾವ ಪಾಠ ತಪ್ಪಿತು ಅಂತ ಒಂದು ಚೀಟಿ, ನೋಟ್ಸ್ ಕೊಡುವ ಒಬ್ಬ ಗೆಳತಿ, ಇಷ್ಟು ಸಿದ್ಧವಿರಲಿ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿ. ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಬೇಕು. ದೊಡ್ಡ ಗೈಡ್ ತಗೋಬೇಕಾ?
— ಒಬ್ಬ ವಿದ್ಯಾರ್ಥಿನಿ, ಶಿಗ್ಗಾಂವಿ ತಾಲ್ಲೂಕು

ಉತ್ತರ: ಬೇಡ ಪುಟ್ಟಿ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಒಂದು ಬುದ್ಧಿ ಓಡಿಸುವುದು, ಇನ್ನೊಂದು ವಿಜ್ಞಾನ, ಸಮಾಜ, ಗಣಿತ. ಎರಡನೆಯದಕ್ಕೆ ನಿನ್ನ ಪಠ್ಯಪುಸ್ತಕವೇ ಗೈಡ್. ಮೊದಲನೆಯದಕ್ಕೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ನಿನ್ನ ಸರ್ ಹತ್ತಿರ ಕೇಳು, ಗಡಿಯಾರ ಇಟ್ಟುಕೊಂಡು ಬಿಡಿಸು. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದ ಒಳಗಿರಬೇಕು, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಲು ಅಪ್ಪನಿಗೆ ಹೇಳು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12 ಸಾವಿರ ರೂಪಾಯಿ ನಿನ್ನ ಖಾತೆಗೇ ಬರುತ್ತದೆ. ಅರ್ಜಿಯಲ್ಲಿ, ಬ್ಯಾಂಕಿನಲ್ಲಿ, ಆಧಾರ್‌ನಲ್ಲಿ ನಿನ್ನ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡು. ಇಲ್ಲದಿದ್ದರೆ ಪಾಸಾದ ಮೇಲೆ ಅದಕ್ಕಾಗಿಯೇ ಅಲೆಯಬೇಕಾಗುತ್ತದೆ.