ನಾಯಿ ಜೊತೆ ಆರ್‌ವಿ ಟ್ರಿಪ್: ರಾತ್ರಿ ಜಾಗ ಸಿಗುತ್ತದೆ, ಹಗಲಿಗೆ ಏನು ಮಾಡ್ತೀರಿ?

ಪ್ರಶ್ನೆ: ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ಮುಂದಿನ ಜೂನ್ ಕೊನೆಗೆ ಅಪ್ಪ, ಅಮ್ಮ ಮೈಸೂರಿನಿಂದ ಬರುತ್ತಿದ್ದಾರೆ. 28 ಅಡಿಯ ಆರ್‌ವಿ, ಅಂದರೆ ಮಲಗಲು, ಅಡುಗೆಗೆ ಒಳಗೇ ಜಾಗವಿರುವ ಗಾಡಿ, ಬಾಡಿಗೆಗೆ ತೆಗೆದುಕೊಂಡು, ಇಬ್ಬರು ಮಕ್ಕಳು, ನಮ್ಮ ಲ್ಯಾಬ್ರಡಾರ್ ಎಲ್ಲರೂ ಸೇರಿ ಯೊಸೆಮಿಟಿ ನ್ಯಾಷನಲ್ ಪಾರ್ಕಿಗೆ, ಆಗುವುದಾದರೆ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ಗೂ ಹೋಗಿ ಬರುವ ಆಸೆ. ಯಾವ ಕ್ಯಾಂಪ್‌ಗ್ರೌಂಡ್ ನೋಡಿದರೂ 'ಪೆಟ್ ಫ್ರೆಂಡ್ಲಿ' ಅಂತಲೇ ಬರೆದಿದೆ. ಯಾವುದನ್ನು ಆರಿಸಲಿ? ನಾಯಿ ಇರುವ ಗಾಡಿಯಲ್ಲೇ ಅಡುಗೆ ಅಂದಾಗ ಅಮ್ಮ ಫೋನಿನಲ್ಲೇ ಮುಖ ಸಿಂಡರಿಸಿದರು, ಅದಕ್ಕೂ ಒಂದು ದಾರಿ ಹೇಳಿ.

ಉತ್ತರ: ಮೊದಲು ಅಮ್ಮನ ವಿಷಯ ಮುಗಿಸೋಣ, ಅದು ಸುಲಭ. ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸಲು ಕೊಡುವ ಜಾಗಕ್ಕೆ ಸೈಟ್ ಅನ್ನುತ್ತಾರೆ, ಹೆಚ್ಚಿನ ಸೈಟ್‌ಗಳಲ್ಲಿ ಪಿಕ್ನಿಕ್ ಟೇಬಲ್ ಇರುತ್ತದೆ. ಎರಡು ಬರ್ನರಿನ ಗ್ಯಾಸ್ ಸ್ಟವ್ ಹೊರಗಿಟ್ಟು ಅಡುಗೆ ಅಲ್ಲೇ ಮಾಡಿ, ನಾಯಿ ಒಳಗಿರಲಿ. ಒಗ್ಗರಣೆ ವಾಸನೆ ಗಾಡಿಯ ಸೀಟಿಗೆ ಹತ್ತಿದರೆ ವಾಪಸ್ ಕೊಡುವಾಗ ಕ್ಲೀನಿಂಗ್ ಚಾರ್ಜ್ ಅಂತ ರಗಳೆ ಬೇರೆ, ಅದೂ ತಪ್ಪುತ್ತದೆ.

ಈಗ ಕ್ಯಾಂಪ್‌ಗ್ರೌಂಡ್. ಆ 'ಪೆಟ್ ಫ್ರೆಂಡ್ಲಿ' ಬೋರ್ಡು ಹೇಳುವುದು ಇಷ್ಟೇ: ನಾಯಿ ರಾತ್ರಿ ಇಲ್ಲಿ ಮಲಗಬಹುದು. ಬೆಳಗಾದ ಮೇಲೆ ಅದು ಎಲ್ಲಿಗೆ ಹೋಗಬಹುದು ಅನ್ನುವುದು ಬೇರೆಯೇ ಕತೆ. ನೀವು ಜಾಗ ಆರಿಸಬೇಕಾದದ್ದು ಆ ಹಗಲನ್ನು ನೋಡಿ.

ಯೊಸೆಮಿಟಿಯನ್ನೇ ತೆಗೆದುಕೊಳ್ಳಿ. ಅಲ್ಲಿನ ಕಣಿವೆಯೊಳಗಿನ ಕ್ಯಾಂಪ್‌ಗ್ರೌಂಡ್‌ಗಳಾದ ಅಪ್ಪರ್ ಪೈನ್ಸ್, ಲೋವರ್ ಪೈನ್ಸ್ ಎರಡರಲ್ಲೂ ನಾಯಿಗೆ ಜಾಗ ಉಂಟು. ಆದರೆ ಟ್ರೇಲ್‌ಗಳ, ಅಂದರೆ ಕಾಲುದಾರಿಗಳ ಮೇಲೆ, ಒಂದೆರಡು ಕಡೆ ಬಿಟ್ಟರೆ, ನಾಯಿ ಕಾಲಿಡುವಂತಿಲ್ಲ. ಷಟಲ್ ಬಸ್ಸಿಗೂ ಹತ್ತಿಸುವಂತಿಲ್ಲ. ಡಾಂಬರು ರಸ್ತೆ, ಫುಟ್‌ಪಾತ್, ಸೈಕಲ್ ದಾರಿ, ಇಷ್ಟರಲ್ಲೇ ಅದರ ಓಡಾಟ, ಅದೂ 6 ಅಡಿಗಿಂತ ಉದ್ದವಿಲ್ಲದ ಹಗ್ಗದಲ್ಲಿ. ಸೈಟಿನಲ್ಲಿ ಮರಕ್ಕೆ ಕಟ್ಟಿ ನೀವೆಲ್ಲ ಜಲಪಾತ ನೋಡೋಕೆ ಹೊರಟರೆ ಅದೂ ನಿಯಮ ಮುರಿದ ಹಾಗೆ. ಅಂದರೆ ವರ್ನಲ್ ಫಾಲ್ ಜಲಪಾತದ ದಾರಿಗೆ ನೀವು ಮಕ್ಕಳ ಜೊತೆ ಹೋದರೆ ಮನೆಯವರು ನಾಯಿ ಜೊತೆ ಕೂರಬೇಕು, ಮಾರನೇ ದಿನ ಅದಲುಬದಲು. ಈ ಪಾಳಿ ಒಪ್ಪಿಗೆಯಿದ್ದರೆ ಮಾತ್ರ ಕಣಿವೆಯೊಳಗೆ ಸೈಟ್ ಹಿಡಿಯಿರಿ. ಜೂನ್ ಕೊನೆಯ ದಿನಗಳ ಬುಕಿಂಗ್ ತಿಂಗಳುಗಳ ಮೊದಲೇ ರಿಕ್ರಿಯೇಷನ್ ಡಾಟ್ ಗವ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ತೆರೆಯುತ್ತದೆ, ನೋಡನೋಡುತ್ತಲೇ ಖಾಲಿಯಾಗುತ್ತದೆ.

ಇನ್ನೊಂದು ದಾರಿ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಪಾರ್ಕಿನ ಸುತ್ತ ಸ್ಟ್ಯಾನಿಸ್ಲಾಸ್, ಸಿಯೆರಾ ಅಂತ ನ್ಯಾಷನಲ್ ಫಾರೆಸ್ಟ್‌ಗಳಿವೆ. ಹೆಸರಿನಲ್ಲಿ 'ನ್ಯಾಷನಲ್' ಇದೆ ಅಂತ ಇವೂ ಪಾರ್ಕೇ ಅಂದುಕೊಳ್ಳುವವರು ಬಹಳ, ಆದರೆ ಇಲಾಖೆಯೇ ಬೇರೆ, ನಿಯಮವೂ ಬೇರೆ. ಇಲ್ಲಿ ಹೆಚ್ಚಿನ ಟ್ರೇಲ್‌ಗಳಲ್ಲಿ ನಾಯಿ ನಿಮ್ಮ ಜೊತೆ ನಡೆಯಬಹುದು. ಅಲ್ಲಿ ಉಳಿದು, ಕಣಿವೆಗೆ ಒಂದು ದಿನ ಹೋಗಿ ಬನ್ನಿ. ತೊಂದರೆ ಅಂದರೆ ಈ ಕಾಡಿನ ಸೈಟ್‌ಗಳು ಚಿಕ್ಕವು, ತಿರುವುಗಳೂ ಇಕ್ಕಟ್ಟು, ಆದ್ದರಿಂದ ನಿಮ್ಮ 28 ಅಡಿ ಗಾಡಿ ಹಿಡಿಸುತ್ತದಾ ಅಂತ ಸೈಟ್ ಸೈಟಿಗೂ ಉದ್ದ ನೋಡಿಯೇ ದುಡ್ಡು ಕಟ್ಟಿ.

ಗ್ರ್ಯಾಂಡ್ ಕ್ಯಾನ್ಯನ್ ದೂರ ನಿಜ, ನಿಮ್ಮಲ್ಲಿಂದ ಸುಮಾರು 750 ಮೈಲಿ. ಆದರೂ ವಯಸ್ಸಾದವರು, ನಾಯಿ ಇಬ್ಬರೂ ಜೊತೆಗಿದ್ದರೆ ನನ್ನ ವೋಟು ಅದಕ್ಕೇ. ಸೌತ್ ರಿಮ್‌ನಲ್ಲಿ, ಅಂದರೆ ದಕ್ಷಿಣದ ಅಂಚಿನಲ್ಲಿ, ಕಂದಕದುದ್ದಕ್ಕೂ ಇರುವ ರಿಮ್ ಟ್ರೇಲ್‌ನಲ್ಲಿ ಹಗ್ಗ ಹಾಕಿದ ನಾಯಿಗೆ ಪ್ರವೇಶವಿದೆ. ಬಹಳಷ್ಟು ಭಾಗ ಸಮತಟ್ಟು, ಡಾಂಬರು ಹಾಕಿದ ದಾರಿ. ಅಜ್ಜ, ಅಜ್ಜಿ, ಮೊಮ್ಮಕ್ಕಳು, ನಾಯಿ ಎಲ್ಲ ಒಟ್ಟಿಗೆ ನಡೆಯಬಹುದು, ಇಂಥ ಜಾಗ ದೊಡ್ಡ ಪಾರ್ಕುಗಳಲ್ಲಿ ಕಮ್ಮಿ. ಅಂಚಿನಿಂದ ಕೆಳಗಿಳಿಯುವ ದಾರಿಗಳಲ್ಲಿ ಮಾತ್ರ ನಾಯಿ ನಿಷೇಧ. ಒಂದು ದಿನ ನೀವೆಲ್ಲ ಇಳಿಯಬೇಕು ಅನ್ನಿಸಿದರೆ ನಾಯಿಯನ್ನು ನೋಡಿಕೊಳ್ಳುವ ಕೆನಲ್ ಅಲ್ಲೇ ಇದೆ, ಮೊದಲೇ ಕಾದಿರಿಸಿ. ಲಸಿಕೆಯ ಕಾಗದ ಕೇಳುತ್ತಾರೆ, ಅದನ್ನು ಗಾಡಿಯಲ್ಲೇ ಇಟ್ಟಿರಿ.

ಅಲ್ಲಿ ಎರಡು ಕ್ಯಾಂಪ್‌ಗ್ರೌಂಡ್ ಹೆಸರು ಕೇಳುತ್ತೀರಿ. ಮ್ಯಾಥರ್‌ನಲ್ಲಿ ಮರದ ನೆರಳಿದೆ, 30 ಅಡಿವರೆಗಿನ ಗಾಡಿ ಬಿಡುತ್ತಾರೆ, ಆದರೆ ಹುಕಪ್, ಅಂದರೆ ಗಾಡಿಗೆ ಜೋಡಿಸುವ ಕರೆಂಟು, ನೀರಿನ ಸಂಪರ್ಕ, ಇಲ್ಲ. ಟ್ರೇಲರ್ ವಿಲೇಜ್‌ನಲ್ಲಿ ಕರೆಂಟು, ನೀರು, ಕೊಳಚೆ ಪೈಪು ಮೂರೂ ಉಂಟು, ನೋಟ ಮಾತ್ರ ಪಾರ್ಕಿಂಗ್ ಲಾಟ್ ಥರ. ನಾಯಿ ಇರುವವರಿಗೆ ಈ ಹುಕಪ್ ಬರೀ ಸೌಕರ್ಯವಲ್ಲ. ಆರ್‌ವಿಯ ಎಸಿ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಓಡುವುದಿಲ್ಲ. ಹುಕಪ್ ಬೇಕು, ಇಲ್ಲವೇ ಜನರೇಟರ್. ಜನರೇಟರ್‌ಗೆ ಕ್ಯಾಂಪ್‌ಗ್ರೌಂಡಿನಲ್ಲಿ ಗಂಟೆಗಳ ಕಟ್ಟುಪಾಡು ಇರುತ್ತದೆ. ಬಿಸಿಲಲ್ಲಿ ಮುಚ್ಚಿದ ಗಾಡಿ ಹತ್ತೇ ನಿಮಿಷದಲ್ಲಿ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. ಎಸಿ ಹಾಕಿದ್ದೇವಲ್ಲ ಅಂತ ನಾಯಿಯನ್ನು ಒಳಗೆ ಕೂಡಿ ಹೋಗಬೇಡಿ, ನೀವು ಹೋದ ಮೇಲೆ ಬ್ರೇಕರ್ ಬಿದ್ದು ಕರೆಂಟು ಹೋದರೆ ನಿಮಗೆ ಗೊತ್ತಾಗುವುದು ವಾಪಸ್ ಬಂದಾಗಲೇ.

ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ, ಸಂಜೆ ತಂಪು. ಕಷ್ಟ ಇರುವುದು ದಾರಿಯಲ್ಲಿ. ಮೊಹಾವೆ ಮರುಭೂಮಿ ದಾಟುವಾಗ ನೀಡಲ್ಸ್ ಕಡೆ ಆ ಹೊತ್ತಿಗೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಿ. ಆ ಭಾಗವನ್ನು ನಸುಕಿನಲ್ಲೇ ದಾಟಿ. ರಾತ್ರಿ ಅಲ್ಲೇ ನಿಲ್ಲುವುದಾದರೆ ಹುಕಪ್ ಇರುವ ಖಾಸಗಿ ಪಾರ್ಕು ಹಿಡಿಯಿರಿ, ಡಾಂಬರಿನ ಮೇಲೆ ನಾಯಿ ಇಳಿಸುವ ಮುನ್ನ ಅಂಗೈ ಇಟ್ಟು ನೋಡಿ.

ಖಾಸಗಿ ಪಾರ್ಕುಗಳಿಗೆ ಸುಮ್ನೆ ಆನ್‌ಲೈನ್ ಬುಕ್ ಮಾಡುವ ಬದಲು ಫೋನ್ ಮಾಡಿ. ಎಷ್ಟು ನಾಯಿ, ಯಾವ ತಳಿ ಅಂತ ಅವರೇ ಕೇಳುತ್ತಾರೆ. ಪಿಟ್‌ಬುಲ್, ರಾಟ್‌ವೀಲರ್‌ಗೆ ಕೆಲವರು ಬೇಡ ಅನ್ನುತ್ತಾರೆ, ಲ್ಯಾಬ್‌ಗೆ ಸಾಮಾನ್ಯವಾಗಿ ತಕರಾರಿಲ್ಲ. ನೀವು ಕೇಳಬೇಕಾದದ್ದು ಬೇಲಿ ಹಾಕಿದ, ಹಗ್ಗ ಬಿಚ್ಚಿ ಓಡಿಸುವ ಜಾಗ ಇದೆಯಾ ಅಂತ. ಕೆಒಎ ಅನ್ನುವ ಖಾಸಗಿ ಕ್ಯಾಂಪ್‌ಗ್ರೌಂಡ್ ಸರಪಳಿಯ ಅನೇಕ ಕಡೆ ಇದೆ. ಇಡೀ ದಿನ ಗಾಡಿಯಲ್ಲಿ ಕೂತ ಲ್ಯಾಬ್ ಅರ್ಧ ಗಂಟೆ ಓಡಿದರೆ ರಾತ್ರಿ ಎಲ್ಲರಿಗೂ ನಿದ್ದೆ. ಸೈಟ್ ಆರಿಸುವಾಗ ಶೌಚಾಲಯದ ಪಕ್ಕದ್ದು ಬೇಡ, ಜನ ಓಡಾಡಿದ ಹಾಗೆಲ್ಲ ಅದು ಬೊಗಳುತ್ತದೆ.

ಕರಡಿ ಇರುವ ಜಾಗದಲ್ಲಿ ನಾಯಿಯ ಊಟವೂ ಊಟವೇ. ಬಟ್ಟಲು ಸಮೇತ ಒಳಗಿಡಿ. ಅಮ್ಮ ತಂದ ಚಕ್ಕುಲಿ ಡಬ್ಬಕ್ಕೂ ಇದೇ ನಿಯಮ.

ಪ್ರಶ್ನೆ: ನಾನು ಬೆಂಗಳೂರಿನವನು. ಜನವರಿಯಲ್ಲಿ ನಾಯಿ ಜೊತೆ ಕಾರಲ್ಲಿ ಮಲೆನಾಡಿಗೆ ಹೋಗಿ ಟೆಂಟ್ ಹಾಕಬೇಕು ಅಂತಿದೆ. ಕಾಡಿನೊಳಗೆ ಬಿಡ್ತಾರಾ?

ಉತ್ತರ: ಬಂಡೀಪುರ, ನಾಗರಹೊಳೆ, ಕುದುರೆಮುಖ, ಭದ್ರಾ, ಇವೆಲ್ಲ ನಾಯಿ ಜೊತೆ ಹೋಗುವ ಜಾಗಗಳಲ್ಲ, ಆಸೆ ಬಿಡಿ. ಟೆಂಟ್ ಹಾಕಲು ಅವಕಾಶ ಕೊಡುವ ಖಾಸಗಿ ಕಾಫಿ ತೋಟ ಹುಡುಕಿ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ತೋಟದಲ್ಲಿ ಎಷ್ಟು ನಾಯಿಗಳಿವೆ, ರಾತ್ರಿ ಅವನ್ನು ಬಿಡುತ್ತಾರಾ? ಊರ ನಾಯಿಗಳ ನಡುವೆ ನಿಮ್ಮದು ಸಿಕ್ಕಿದರೆ ಜಗಳ ಗ್ಯಾರಂಟಿ. ಕತ್ತಲಾದ ಮೇಲೆ ಅದನ್ನು ಹೊರಗೆ ಕಟ್ಟಬೇಡಿ, ಚಿರತೆ ನಾಯಿಗೇ ಹೊಂಚು ಹಾಕುವುದು.

ಜನವರಿ ಅಂದಿರಿ, ಅದು ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಸೊಪ್ಪಿನಲ್ಲಿ ನುಗ್ಗಿ ಬಂದ ನಾಯಿ ಉಣುಗನ್ನು ಟೆಂಟಿನೊಳಗೇ ತರಬಹುದು. ಹೊರಡುವ ಮೊದಲು ನಾಯಿಗೆ ಪಶುವೈದ್ಯರ ಹತ್ತಿರ ಉಣುಗಿನ ಔಷಧಿ ಹಾಕಿಸಿ, ದಿನಾ ಸಂಜೆ ಕಿವಿ, ಕಂಕುಳು, ಬೆರಳ ಸಂದು ತಡವಿ ನೋಡಿ. ಆ ಊರಲ್ಲಿ ಮಂಗ ಸತ್ತ ಸುದ್ದಿ ಇದೆಯಾ ಅಂತ ತೋಟದವರನ್ನು ಕೇಳಿ. ಇದೆ ಅಂದರೆ ಬೇರೆ ಕಡೆ ನೋಡಿ, ಚರ್ಚೆಯೇ ಬೇಡ.